ಉಳಿ ಕೊಳ್ಳಿ, ಉಳಿದದ್ದನ್ನು ಮಾಡಿಕೊಳ್ಳಿ: ಸಣ್ಣ ಮರಗೆಲಸಕ್ಕೆ ಮನೆಯಲ್ಲೇ ಸಲಕರಣೆ

ಮರ ಕತ್ತರಿಸುವ ಸಲಕರಣೆಯನ್ನು ದುಡ್ಡು ಕೊಟ್ಟು ತನ್ನಿ. ಮರವನ್ನು ಹಿಡಿಯುವ, ಅಳೆಯುವ, ಗೀರು ಹಾಕುವ, ಒತ್ತಿ ಕೂರಿಸುವ ಸಲಕರಣೆಗಳನ್ನು ಮನೆಯಲ್ಲೇ ಮಾಡಿಕೊಳ್ಳಿ. ಪೆಟ್ಟಿಗೆ, ಮಣೆ, ಪುಸ್ತಕದ ಗೂಡು, ದೇವರ ಪೀಠದಂಥ ಕೆಲಸಕ್ಕೆ ಈ ವಿಂಗಡಣೆ ಸಾಕು. ಉಕ್ಕಿಗೆ ಹದ ಕೊಡುವುದು ಕಮ್ಮಾರನ ವಿದ್ಯೆ, ಬಾಲ್ಕನಿಯಲ್ಲಿ ಆಗುವ ಕೆಲಸವಲ್ಲ. ಆದರೆ ಒಂದು ಹಲಗೆ ಅಲುಗದ ಹಾಗೆ ಹಿಡಿಯಲು ಬೇಕಾಗಿರುವುದು ಇನ್ನೊಂದು ಹಲಗೆ, ಅಷ್ಟೆ.

ಕೊಳ್ಳಬೇಕಾದ್ದು ಇಷ್ಟು: ಸಣ್ಣ ಹಲ್ಲಿನ ಒಂದು ಕೈಗರಗಸ, 12 ಮತ್ತು 25 ಮಿ.ಮೀ. ಅಗಲದ ಎರಡು ಉಳಿ, 30 ಸೆಂ.ಮೀ. ಸ್ಟೀಲ್ ಸ್ಕೇಲು, ಒಂದು ಡ್ರಿಲ್ಲು, ಒಂದು ಚಪ್ಪಟೆ ಅರ, ಕೈಗೆಟುಕಿದರೆ ಮರ ಹೆರೆಯುವ ಒಂದು ಕೀಸುಳಿ, ಅಂದರೆ ತೋಪಡ. ಬೆಂಗಳೂರಿನಲ್ಲಿದ್ದರೆ ಎಸ್‌ಜೆಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಬೇರೆ ಊರಲ್ಲಿ ದೊಡ್ಡದೊಂದು ಹಾರ್ಡ್‌ವೇರ್ ಅಂಗಡಿ ಸಾಕು.

ಕೆಳಗಿನ ಕ್ರಮವನ್ನು ಆದಷ್ಟು ಹಾಗೇ ಪಾಲಿಸಿ. ಮೊದಲು ಮಾಡಿದ್ದನ್ನು ಬಳಸಿಯೇ ಮುಂದಿನದನ್ನು ಮಾಡುವ ಹಾಗೆ ಜೋಡಿಸಿದ್ದೇನೆ.

ಮರ ಎಲ್ಲಿಂದ

ಹೊಸ ಮರ ಕೊಳ್ಳಬೇಡಿ. ಹಳೆ ಮನೆ ಕೆಡವಿದ ಕಡೆ ಸಿಗುವ ಬಾಗಿಲು ಚೌಕಟ್ಟಿನ ತುಂಡುಗಳು, ಅದು ತೇಗವಾಗಲಿ ಹೊನ್ನೆಯಾಗಲಿ ಮತ್ತಿಯಾಗಲಿ, ವರ್ಷಗಟ್ಟಲೆ ಒಣಗಿ ಎಳೆದುಕೊಳ್ಳುವಷ್ಟು ಎಳೆದುಕೊಂಡಿರುತ್ತವೆ. ಸಲಕರಣೆಗೆ ಇದಕ್ಕಿಂತ ಒಳ್ಳೆಯ ಮರ ಇಲ್ಲ. ಅದರಲ್ಲಿ ಮುರಿದು ಕೂತ ಮೊಳೆಗಳಿರುತ್ತವೆ. ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೇಲೆ ಆಡಿಸಿದರೆ ಎಲ್ಲಿವೆ ಎಂದು ತಿಳಿಯುತ್ತದೆ. ಕೈಗಾರಿಕಾ ಪ್ರದೇಶದ ಗುಜರಿಯಲ್ಲಿ ಸಿಗುವ ಪ್ಯಾಲೆಟ್‌ಗಳೂ, ಅಂದರೆ ಸರಕು ಇಡುವ ಮರದ ಅಟ್ಟಣೆಗಳೂ, ಆಗಬಹುದು. ವಿದೇಶಕ್ಕೆ ಹೋಗಿಬರುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಅಂತಿದ್ದರೆ ಬಿಸಿ ಕೊಟ್ಟು ಹುಳು ಕೊಂದ ಮರ, ತನ್ನಿ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಇವುಗಳ ಜೊತೆಗೆ 12 ಮತ್ತು 18 ಮಿ.ಮೀ. ಪ್ಲೈವುಡ್‌ನ ಕತ್ತರಿಸಿ ಉಳಿದ ತುಂಡುಗಳು ಬೇಕು. ಇಂಟೀರಿಯರ್ ಕೆಲಸ ನಡೆಯುವ ಮನೆಯಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಮೊದಲು ಒಂದು ನಂಬಬಹುದಾದ ಮೂಲೆಮಟ್ಟ

ಎಲ್ಲಕ್ಕೂ ಮೊದಲು 90 ಡಿಗ್ರಿ ಬೇಕು. ಅದನ್ನು ನೋಡುವ L ಆಕಾರದ ಸಾಧನವೇ ಮೂಲೆಮಟ್ಟ. ಅಂಗಡಿಯಿಂದ ತಂದ ಮೂಲೆಮಟ್ಟವೂ ನೆಟ್ಟಗಿರುತ್ತದೆ ಎಂಬ ಭರವಸೆ ಇಲ್ಲ, ಹಾಗಾಗಿ ಪರೀಕ್ಷಿಸುವುದನ್ನು ಮೊದಲು ಕಲಿಯಬೇಕು.

ನೇರ ಅಂಚಿನ ಒಂದು ಪ್ಲೈ ಹಾಳೆ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಕತ್ತರಿಸಿದ ಅಂಚು ಸಾಮಾನ್ಯವಾಗಿ ನೇರವಿರುತ್ತದೆ. ಮೂಲೆಮಟ್ಟದ ದಪ್ಪ ಹಿಡಿಯನ್ನು ಆ ಅಂಚಿಗೆ ಒತ್ತಿ ಒಂದು ಗೀರು ಎಳೆಯಿರಿ. ಈಗ ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೀರು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಮೇಲೆ ಹೋಗುತ್ತ ಗೀರುಗಳು ಅಗಲಿದರೆ, ಆ ಅಂತರದ ಅರ್ಧ ನಿಮ್ಮ ಮೂಲೆಮಟ್ಟದ ದೋಷ. ಮಗುಚಿದಾಗ ತಪ್ಪು ಇಮ್ಮಡಿಯಾಗಿ ಕಾಣುತ್ತದೆ, ಅದಕ್ಕೇ ಬರಿಗಣ್ಣಿಗೂ ಸಿಗುತ್ತದೆ. ಈ ಮಗುಚುವ ಪರೀಕ್ಷೆಯನ್ನು ಕೈಗೆ ಅಭ್ಯಾಸ ಮಾಡಿಕೊಳ್ಳಿ. ಸ್ಕೇಲಿನ ನೇರವನ್ನೂ ಹೀಗೇ ನೋಡುವುದು: ಒಂದು ಗೀರು, ತಿರುಗಿಸಿ ಅದೇ ಅಂಚಿನಿಂದ ಇನ್ನೊಂದು ಗೀರು, ನಡುವೆ ಬೆಳಕು ಕಂಡರೆ ಸೊಟ್ಟ. ಮನೆಯಲ್ಲಿ ಮಾಡಿದ ಸಲಕರಣೆ ಕಾರ್ಖಾನೆಯದ್ದಕ್ಕೆ ಸಮನಾಗುವುದು ಈ ಪರೀಕ್ಷೆಯ ಬಲದಿಂದಲೇ. ಬೆಲೆಗೂ ನಿಖರತೆಗೂ ನಾವು ಅಂದುಕೊಂಡಷ್ಟು ನಂಟಿಲ್ಲ.

ಸ್ವಂತದ್ದು ಮಾಡಲು 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಗಟ್ಟಿ ಮರದ ಹಿಡಿ, 25 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ 6 ಮಿ.ಮೀ. ಪ್ಲೈ ಪಟ್ಟಿ ಬೇಕು. ದೊಡ್ಡ ಪ್ಲೈ ಮೇಲೆ 30, 40, 50 ಸೆಂ.ಮೀ. ಬದಿಗಳ ತ್ರಿಕೋನ ಬರೆದುಕೊಳ್ಳಿ. 30 ಮತ್ತು 40ರ ನಡುವಿನ ಮೂಲೆ 90 ಡಿಗ್ರಿ. ಕರ್ಣವನ್ನು ಅಳೆಯುವಾಗ 1 ಮಿ.ಮೀ. ತಪ್ಪಿದರೂ 10 ಸೆಂ.ಮೀ. ಅಗಲದ ಹಲಗೆಯಲ್ಲಿ ಸುಮಾರು 0.4 ಮಿ.ಮೀ. ಓರೆ ಬರುತ್ತದೆ, ಆದ್ದರಿಂದ ಪೆನ್ಸಿಲ್ ಚೂಪಾಗಿರಲಿ. ಹಿಡಿಯನ್ನೂ ಪಟ್ಟಿಯನ್ನೂ ಆ ಗೆರೆಗಳ ಮೇಲಿಟ್ಟು ಅಂಟು ಹಾಕಿ, ಅಂಟು ಹಿಡಿಯುವ ಮೊದಲೇ ಮಗುಚಿ ಪರೀಕ್ಷಿಸಿ, ಸರಿಪಡಿಸಿ. ಒಣಗಿದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೆ ಪ್ಲೈನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಿರಿ.

ಗೀರು ಹಾಕುವ ಚಾಕು

ಪೆನ್ಸಿಲ್ ಗೆರೆಗೆ ದಪ್ಪವಿದೆ, ಚಾಕುವಿನ ಗೀರಿಗಿಲ್ಲ. ಅಷ್ಟೇ ಅಲ್ಲ, ಚಾಕು ಮರದ ನಾರನ್ನು ಮೊದಲೇ ಕಡಿದಿಡುತ್ತದೆ. ಆಮೇಲೆ ಗರಗಸ ಆಡಿಸಿದರೆ ಅಂಚು ಸಿಗುರೇಳುವುದಿಲ್ಲ, ಉಳಿಯ ಬಾಯಿಯೂ ಆ ಗೀರಿನಲ್ಲೇ ಹೋಗಿ ಕೂರುತ್ತದೆ.

ಇದಕ್ಕೆ ಮೊಂಡಾದ ಒಂದು ಹ್ಯಾಕ್ಸಾ ಬ್ಲೇಡು ಸಾಕು. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, 12 ಸೆಂ.ಮೀ. ಉದ್ದಕ್ಕೆ ಮುರಿದುಕೊಳ್ಳಿ. ಕೆಲವು ಬ್ಲೇಡು ಬಾಗುತ್ತವೆ, ಮುರಿಯುವುದಿಲ್ಲ. ಹಲ್ಲಿಗೆ ಮಾತ್ರ ಗಟ್ಟಿ ಉಕ್ಕು ಹಾಕಿ ಬೆನ್ನನ್ನು ಮೆತ್ತಗೆ ಬಿಟ್ಟಿರುವ ಅಂಥವು ಇದಕ್ಕೆ ಬರುವುದಿಲ್ಲ. ತಟಕ್ಕನೆ ಮುರಿಯುವುದೇ ಬೇಕು. ಅದರ ಮೇಲೆ ಅರ ಹತ್ತುವುದಿಲ್ಲ. ಒರಟು ಸಾಣೆಕಲ್ಲಿನಲ್ಲಿ ತುದಿಯನ್ನು ಓರೆಯಾಗಿ ತೇಯಬೇಕು. ಬೀದಿಗೆ ಬರುವ ಸಾಣೆ ಹಿಡಿಯುವವರಿಗೆ ಕೊಟ್ಟರೆ ಎರಡು ನಿಮಿಷದ ಕೆಲಸ, ಆದರೆ ನಡುನಡುವೆ ನೀರಿನಲ್ಲಿ ಅದ್ದಲು ಹೇಳಿ. ಬಿಸಿಯಾಗಿ ನೀಲಿ ತಿರುಗಿದರೆ ಮಾಮೂಲಿ ಬ್ಲೇಡಿನ ಹದ ಹೋಯಿತೆಂದೇ ಲೆಕ್ಕ. ಒಂದು ಬದಿ ಮಾತ್ರ ಓರೆ, ಇನ್ನೊಂದು ಬದಿ ಪೂರ್ತಿ ಚಪ್ಪಟೆ ಇರಲಿ. ಚಪ್ಪಟೆ ಬದಿ ಸ್ಕೇಲಿಗೆ ಅಂಟಿಕೊಂಡು ಓಡುತ್ತದೆ. ಹಿಡಿಗೆ ಎರಡು ಮರದ ಚಕ್ಕೆ ಅಂಟಿಸಿ ದಾರ ಸುತ್ತಿ.

ಕೊಯ್ಯುವ ಮಣೆ

ಊಟದ ಮೇಜಿನ ಮೇಲೆ, ಅಡುಗೆಮನೆ ಕಟ್ಟೆಯ ಮೇಲೆ, ಎಲ್ಲಿ ಬೇಕಾದರೂ ಇಟ್ಟು ಮರ ಕೊಯ್ಯಬಹುದಾದ ಸಾಧನ ಇದು. ಮಾಡುವುದು ಒಂದು ಸಂಜೆಯ ಕೆಲಸ. ಇದಿದ್ದರೆ ಮರವನ್ನು ಕಚ್ಚಿ ಹಿಡಿಯುವ ವೈಸ್ ಇಲ್ಲ ಎಂಬ ಕೊರಗು ಮುಕ್ಕಾಲು ಪಾಲು ಹೋಗುತ್ತದೆ.

1. 18 ಮಿ.ಮೀ. ಪ್ಲೈನಲ್ಲಿ 25 × 20 ಸೆಂ.ಮೀ. ತುಂಡು ತೆಗೆದುಕೊಳ್ಳಿ. 20 ಸೆಂ.ಮೀ. ಬದಿ ನಿಮ್ಮ ಕಡೆಗೆ ಬರುವ ಹಾಗೆ ಇಡಿ.

2. 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಗಟ್ಟಿ ಮರದ ಎರಡು ಪಟ್ಟಿ. ಒಂದು ಪ್ಲೈನ ಕೆಳಬದಿಯಲ್ಲಿ, ನಿಮ್ಮ ಹತ್ತಿರದ ಅಂಚಿಗೆ. ಅದು ಮೇಜಿನ ಅಂಚಿಗೆ ಕೊಕ್ಕೆಯ ಹಾಗೆ ಕೂರುತ್ತದೆ. ಇನ್ನೊಂದು ಮೇಲ್ಬದಿಯಲ್ಲಿ, ದೂರದ ಅಂಚಿಗೆ. ಮರವನ್ನು ಒತ್ತಿ ಹಿಡಿಯುವುದು ಇದಕ್ಕೆ.

3. ಮೇಲಿನ ಪಟ್ಟಿ ಬಲಗಡೆ 2 ಸೆಂ.ಮೀ. ಗಿಡ್ಡ ಇರಲಿ. ಗರಗಸ ಆ ಖಾಲಿ ಜಾಗದಲ್ಲಿ ಇಳಿದು ಪ್ಲೈಗೆ ತಗಲುತ್ತದೆ, ಮೇಜಿಗಲ್ಲ. ಎಡಗೈಯವರು ಎಡಕ್ಕೆ ಗಿಡ್ಡ ಮಾಡಿ.

4. ಮೇಲಿನ ಪಟ್ಟಿಗೆ ಸ್ಕ್ರೂ ಬೇಡ. ಫೆವಿಕಾಲ್ ಹಚ್ಚಿ, ಎರಡು ತೂತು ಕೊರೆದು ಬಿದಿರಿನ ಗೂಟ ಹೊಡೆಯಿರಿ. ಗರಗಸ ಎಂದಾದರೂ ಅಡ್ಡ ಹೋದರೆ ಬಿದಿರು ಕೊಯ್ಯಲಿ, ಕಬ್ಬಿಣ ಬೇಡ.

5. ಅಂಟು ಒಣಗುವ ಮುನ್ನ ಮೇಲಿನ ಪಟ್ಟಿ ಪ್ಲೈನ ಬಲ ಅಂಚಿಗೆ 90 ಡಿಗ್ರಿ ಇದೆಯೇ ಎಂದು ಮೂಲೆಮಟ್ಟದಲ್ಲಿ ನೋಡಿ.

ಇದು ಮುಂದೆ ತಳ್ಳುವಾಗ ಕೊಯ್ಯುವ ಗರಗಸಕ್ಕೆ. ಈಗ ಆನ್‌ಲೈನಿನಲ್ಲಿ ಸಿಗುವ ಜಪಾನಿ ಗರಗಸ ನಿಮ್ಮ ಕಡೆ ಎಳೆಯುವಾಗ ಕೊಯ್ಯುತ್ತದೆ. ಅದನ್ನು ಬಳಸುವುದಾದರೆ ಮೇಲಿನ ಪಟ್ಟಿಯನ್ನು ನಿಮ್ಮ ಹತ್ತಿರದ ಅಂಚಿಗೆ ಹಾಕಿ, ಮಣೆಯನ್ನೂ ಮೇಜಿಗೆ ಬಿಗಿಯಿರಿ, ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಮರ ಮಡಿಲಿಗೆ ಬರುತ್ತದೆ.

ಕೂತು ಕೆಲಸ ಮಾಡುವ ಬೆಂಚು

ಎತ್ತರದ ವರ್ಕ್‌ಬೆಂಚ್ ಇಲ್ಲದೆ ಮರಗೆಲಸವೇ ಇಲ್ಲ ಎಂಬಂತೆ ವಿಡಿಯೋಗಳು ತೋರಿಸುತ್ತವೆ. ನಮ್ಮ ಆಚಾರಿಗಳು ನೆಲದ ಮೇಲೆ ಕೂತು, ಕಾಲಲ್ಲಿ ಮರ ಒತ್ತಿ ಹಿಡಿದು ಬಾಗಿಲು ಕಿಟಕಿ ಎಲ್ಲ ಮಾಡಿದವರು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಆ ದಾರಿಯೇ ಮೇಲು: ಜಾಗ ಬೇಡ, ಬೆಂಚಿನ ಕಾಲು ಅಲುಗುವ ತಾಪತ್ರಯ ಇಲ್ಲ.

ಸುಮಾರು 120 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಒಂದು ಹಲಗೆ ಸಾಕು. ಮುಂದಿನ ತುದಿಯಲ್ಲಿ 1 ಸೆಂ.ಮೀ. ಎತ್ತರದ ಅಡ್ಡಪಟ್ಟಿಯೊಂದನ್ನು ಬಿದಿರಿನ ಗೂಟ ಹಾಕಿ ಅಂಟಿಸಿ. ಹಿಂದಿನ ತುದಿಯ ಮೇಲೆ, ಈಳಿಗೆಮಣೆಯ ಮೇಲೆ ಕೂರುವ ಹಾಗೆ, ನೀವೇ ಕೂತುಬಿಡಿ. ನಿಮ್ಮ ಭಾರವೇ ಬೆಂಚನ್ನು ಹಿಡಿಯುತ್ತದೆ, ಅಡ್ಡಪಟ್ಟಿ ಮರವನ್ನು ತಡೆಯುತ್ತದೆ. ಕೆಳಗೆ ಹಳೆಯ ಯೋಗ ಮ್ಯಾಟ್ ಹಾಸಿದರೆ ಟೈಲ್ಸ್ ಮೇಲೆ ಜಾರುವುದಿಲ್ಲ, ಕೆಳಗಿನ ಮನೆಯವರೂ ಮೇಲೆ ಬಂದು ಬೆಲ್ ಒತ್ತುವುದಿಲ್ಲ. ಮಂಡಿ ನೋವಿರುವವರು ಇದೇ ಹಲಗೆಯನ್ನು ಎರಡು ಗಟ್ಟಿ ಸ್ಟೂಲಿನ ಮೇಲಿಟ್ಟು ಕಟ್ಟಿಕೊಂಡು ಕುದುರೆ ಏರಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರಬಹುದು.

ಕೊಡತಿ

ಉಳಿಯ ಮರದ ಹಿಡಿಯನ್ನು ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಹಿಡಿ ಬಿರಿಯುತ್ತದೆ. ಕೊಡತಿಯೇ, ಅಂದರೆ ಮರದ ಸುತ್ತಿಗೆಯೇ ಬೇಕು. ಒಂದೇ ದಿಮ್ಮಿಗೆ ತೂತು ಕೊರೆದು ಮಾಡುವುದು ಹೊಸಬರಿಗೆ ಕಷ್ಟ. ಮೂರು ಪದರದಲ್ಲಿ ಮಾಡಿದರೆ ತೂತು ಕೊರೆಯುವ ಕೆಲಸವೇ ಇಲ್ಲ.

ಜಾಲಿ ಅಥವಾ ಹುಣಸೆ ಸಿಕ್ಕರೆ ಉತ್ತಮ. ತಲೆ 14 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ, 2 ಸೆಂ.ಮೀ.ಯ ಮೂರು ಪದರ ಸೇರಿ 6 ಸೆಂ.ಮೀ. ದಪ್ಪ. ಜಾಲಿಯಲ್ಲಿ ಮಾಡಿದರೆ ಸುಮಾರು 600 ಗ್ರಾಂ ತೂಗುತ್ತದೆ, ಸಣ್ಣ ಕೆಲಸಕ್ಕೆ ಹೇಳಿ ಮಾಡಿಸಿದ ತೂಕ. ಮೊದಲು ಹಿಡಿ ಮಾಡಿ: 32 ಸೆಂ.ಮೀ. ಉದ್ದ, 2 ಸೆಂ.ಮೀ. ದಪ್ಪ, ಮೇಲ್ತುದಿಯಲ್ಲಿ 4 ಸೆಂ.ಮೀ. ಅಗಲ, ಕೆಳಗೆ ಬರುತ್ತ 3 ಸೆಂ.ಮೀ.ಗೆ ಇಳಿಯಲಿ. ನಡುವಿನ ಪದರವನ್ನು ಎರಡು ತುಂಡಾಗಿ ಮಾಡಿ, ಹಿಡಿಯ ಎರಡೂ ಪಕ್ಕಕ್ಕೆ ಇಡಿ, ಹಿಡಿಯ ಇಳಿಜಾರಿಗೆ ಸರಿಯಾಗಿ ಅವುಗಳ ಒಳ ಅಂಚನ್ನು ಓರೆಯಾಗಿ ಕೊಯ್ಯಿರಿ. ಹಿಡಿಗೆ ಮೇಣದ ಬತ್ತಿ ಚೆನ್ನಾಗಿ ಉಜ್ಜಿ, ಅದನ್ನು ನಡುವೆ ಇಟ್ಟುಕೊಂಡೇ ಮೂರೂ ಪದರ ಅಂಟಿಸಿ. ಮೇಣ ಇದ್ದಲ್ಲಿ ಅಂಟು ಹಿಡಿಯುವುದಿಲ್ಲ. ತುಸು ಬಿಗಿಯಾದ ಮೇಲೆ ಹಿಡಿಯನ್ನು ಹೊರಗೆ ತಟ್ಟಿ ತೆಗೆದು, ಒಳಗೆ ಒಸರಿದ ಅಂಟನ್ನು ಒರೆಸಿ.

ಮರುದಿನ ಹಿಡಿಯನ್ನು ಮೇಲಿನಿಂದ ತೂರಿಸಿ. ಬೀಸಿದಾಗ ತಲೆ ಹೊರಕ್ಕೆ ಹೋಗಲು ನೋಡುತ್ತದೆ, ಆದರೆ ಹಿಡಿ ಅಲ್ಲೇ ಅಗಲವಾಗಿರುವುದರಿಂದ ಹೊಡೆದಷ್ಟೂ ಬಿಗಿಯಾಗುತ್ತದೆ. ಬೆಣೆ ಬೇಡ, ಅಂಟೂ ಬೇಡ. ಬೇಸಿಗೆಯಲ್ಲಿ ಮರ ಒಣಗಿ ಸಡಿಲವಾದರೆ ಹಿಡಿಯ ಬುಡವನ್ನು ನೆಲಕ್ಕೆ ಒಮ್ಮೆ ಕುಟ್ಟಬೇಡಿ, ತಲೆ ಕಳಚುತ್ತದೆ. ಹಿಡಿಯ ಮೇಲ್ತುದಿಗೆ ಮರದ ತುಂಡಿಟ್ಟು ಬಡಿಯಿರಿ.

ಸ್ಕ್ರೂವಿನ ಗೀರುಮಣೆ

ಹಲಗೆಯ ಅಂಚಿಗೆ ಸಮಾನಾಂತರವಾಗಿ ಗೀರು ಹಾಕುವ ಮಾರ್ಕಿಂಗ್ ಗೇಜಿಗೆ ಇದಕ್ಕಿಂತ ಸುಲಭದ ರೂಪ ನನಗೆ ಗೊತ್ತಿಲ್ಲ. ಅಂಗೈಗೆ ಹಿಡಿಯುವಷ್ಟು ದೊಡ್ಡ, ಒಂದು ಮುಖ ಚೊಕ್ಕ ಚಪ್ಪಟೆ ಇರುವ ಗಟ್ಟಿ ಮರದ ತುಂಡು. ಆ ಮುಖಕ್ಕೆ, ಕೆಳ ಅಂಚಿನ ಹತ್ತಿರ, 35 ಮಿ.ಮೀ. ಸ್ಕ್ರೂ ಒಂದನ್ನು ಲಂಬವಾಗಿ ತಿರುಗಿಸಿ. ಸ್ಕ್ರೂವಿನ ತಲೆಯ ಮೇಲ್ಮೈಯನ್ನು ಅರದಲ್ಲಿ ಸಪಾಟು ಮಾಡಿದರೆ ಸುತ್ತಲಿನ ಅಂಚು ಚೂಪಾಗುತ್ತದೆ, ಗೀರು ಹಾಕುವುದು ಆ ಅಂಚು. ಮುಖದಿಂದ ಸ್ಕ್ರೂ ತಲೆಗೆ ಎಷ್ಟು ದೂರವೋ ಅಷ್ಟು ದೂರದಲ್ಲಿ ಗೀರು ಬೀಳುತ್ತದೆ. ಅಳತೆ ಬದಲಿಸಲು ಸ್ಕ್ರೂಡ್ರೈವರ್ ಸಾಕು. ಜಾಯಿಂಟಿನ ಹಲವು ಅಳತೆ ಒಂದೇ ಕೆಲಸದಲ್ಲಿ ಬೇಕಾದರೆ ನಾಲ್ಕು ಮುಖಕ್ಕೂ ಒಂದೊಂದು ಸ್ಕ್ರೂ ಹಾಕಿ, ಪ್ರತಿಯೊಂದನ್ನೂ ಬೇರೆ ಬೇರೆ ದೂರಕ್ಕೆ ನಿಲ್ಲಿಸಿ.

ತುದಿ ಸಮ ಮಾಡುವ ಮಣೆ

ಪೆಟ್ಟಿಗೆಯ ಮೂಲೆಗಳು ಕೂಡದಿರಲು ಮುಖ್ಯ ಕಾರಣ ಹಲಗೆಯ ತುದಿ 90 ಡಿಗ್ರಿಗೆ ಇಲ್ಲದಿರುವುದು. ಗರಗಸದಿಂದ ಅಷ್ಟು ನಿಖರ ಕೊಯ್ಯಲು ವರ್ಷಗಳ ಪಳಗಿಕೆ ಬೇಕು. ಈ ಮಣೆ ಇದ್ದರೆ ಬೇಡ.

45 × 28 ಸೆಂ.ಮೀ. ಪ್ಲೈ ಕೆಳಗೆ; ಅದರ ಮೇಲೆ, ಎಡ ಅಂಚಿಗೆ ಸರಿಯಾಗಿ, 45 × 20 ಸೆಂ.ಮೀ.ಯ 12 ಮಿ.ಮೀ. ಪ್ಲೈ ಅಂಟಿಸಿ. ಬಲಗಡೆ ಉಳಿಯುವ 8 ಸೆಂ.ಮೀ. ಜಾಗ ಕೀಸುಳಿ ಪಕ್ಕಕ್ಕೆ ಮಲಗಿ ಓಡುವ ದಾರಿ. ಮೇಲಿನ ಪ್ಲೈ ಮೇಲೆ, ದೂರದ ತುದಿಯಿಂದ 4 ಸೆಂ.ಮೀ. ಈಚೆಗೆ, 20 ಸೆಂ.ಮೀ. ಉದ್ದದ ಅಡ್ಡಪಟ್ಟಿ ಬರಬೇಕು. ಅದರ ಬಲತುದಿ ಮೇಲಿನ ಪ್ಲೈನ ಅಂಚಿಗೆ ಸರಿಯಾಗಿ ನಿಲ್ಲಲಿ. ಮೊದಲು ಎಡಗಡೆ ಒಂದೇ ಸ್ಕ್ರೂ ಹಾಕಿ, ಅದರ ಸುತ್ತ ಪಟ್ಟಿಯನ್ನು ತಿರುಗಿಸಿ ದಾರಿಯ ಅಂಚಿಗೆ 90 ಡಿಗ್ರಿಗೆ ತನ್ನಿ. ಆಮೇಲೆ ಎರಡನೇ ಸ್ಕ್ರೂ, ಅದು ಬಲತುದಿಯಿಂದ ಸಾಕಷ್ಟು ದೂರ ಇರಲಿ.

ಕೆಳಗೆ, ನಿಮ್ಮ ಹತ್ತಿರದ ಅಂಚಿಗೆ, ಕೊಯ್ಯುವ ಮಣೆಗೆ ಹಾಕಿದಂಥದೇ ಕೊಕ್ಕೆಪಟ್ಟಿ. ಹಲಗೆಯನ್ನು ಅಡ್ಡಪಟ್ಟಿಗೆ ಒತ್ತಿ, ತುದಿಯನ್ನು ಕೂದಲಷ್ಟು ಹೊರಚಾಚಿ, ಕೀಸುಳಿಯನ್ನು ಮಲಗಿಸಿ ತಳ್ಳಿ. ಮೊದಮೊದಲು ಮೇಲಿನ ಪ್ಲೈನ ಅಂಚೂ ಸ್ವಲ್ಪ ಕೀಸಿಹೋಗುತ್ತದೆ, ಹೆದರಬೇಡಿ: ಕೀಸುಳಿಯ ಬ್ಲೇಡು ಅದರ ತಳದ ಅಂಚಿನವರೆಗೆ ಬಂದಿರುವುದಿಲ್ಲವಾದ್ದರಿಂದ ಒಂದು ಸಣ್ಣ ಮೆಟ್ಟಿಲು ಮೂಡಿ, ಕತ್ತರಿಸುವುದು ತಾನಾಗಿ ನಿಲ್ಲುತ್ತದೆ. ಹಲಗೆಯ ಹಿಂಬದಿ ಸೀಳದಂತೆ ಅಡ್ಡಪಟ್ಟಿ ಕಾಯುತ್ತದೆ.

ಕೀಸುಳಿ ಇಲ್ಲದವರು 25 ಸೆಂ.ಮೀ. ಉದ್ದದ, ಎರಡು ಮುಖ ಪರಸ್ಪರ 90 ಡಿಗ್ರಿ ಇರುವ ಮರದ ತುಂಡಿಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ ಅದೇ ದಾರಿಯಲ್ಲಿ ಓಡಿಸಿ. ಕಾಗದವನ್ನು ತಳದಿಂದ 12 ಮಿ.ಮೀ. ಮೇಲಕ್ಕೆ ಅಂಟಿಸಿದರೆ ಅದು ಮಣೆಯನ್ನು ತಿನ್ನದೆ ಹಲಗೆಯನ್ನು ಮಾತ್ರ ಉಜ್ಜುತ್ತದೆ. ನಿಧಾನ, ಆದರೆ ಫಲಿತಾಂಶ ಅದೇ.

ಪರೀಕ್ಷೆ ಮತ್ತೆ ಮಗುಚುವುದೇ. ಎರಡು ತುಂಡಿನ ತುದಿ ಸಮ ಮಾಡಿ, ಒಂದನ್ನು ಮಗುಚಿ, ತುದಿಗೆ ತುದಿ ಸೇರಿಸಿ ಸ್ಕೇಲಿನ ಪಕ್ಕಕ್ಕೆ ಇಡಿ. ನೇರ ನಿಂತರೆ ಮಣೆ ಸರಿ. ಮುರಿದ ಮೊಣಕೈಯಂತೆ ಬಾಗಿದರೆ ಎರಡನೇ ಸ್ಕ್ರೂ ಬಿಚ್ಚಿ, ಪಟ್ಟಿಯನ್ನು ಕಾಗದದ ದಪ್ಪದಷ್ಟು ಸರಿಸಿ.

ಕ್ಲಾಂಪು ಇಲ್ಲದೆ ಅಂಟಿಸುವುದು

ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಸೈಕಲ್ ಟ್ಯೂಬನ್ನು 2.5 ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿಕೊಳ್ಳಿ. ಎಳೆದು ಸುತ್ತಿದಷ್ಟೂ ಒತ್ತಡ ಸೇರುತ್ತ ಹೋಗುತ್ತದೆ. ಗುಂಡಗಿನ, ಓರೆಯಾದ ವಸ್ತುಗಳಿಗೆ ದುಡ್ಡು ಕೊಟ್ಟ ಕ್ಲಾಂಪಿಗಿಂತ ಇದೇ ಚೆನ್ನ. 75 ಮಿ.ಮೀ. ಪಿವಿಸಿ ಪೈಪಿನಿಂದ 2 ಸೆಂ.ಮೀ. ಅಗಲದ ಬಳೆಗಳನ್ನು ಕೊಯ್ದು, ಒಂದು ಕಡೆ ಸೀಳಿದರೆ ಹಗುರ ಸ್ಪ್ರಿಂಗ್ ಕ್ಲಾಂಪು. ಪೆಟ್ಟಿಗೆಯ ನಾಲ್ಕು ಬದಿ ಒಟ್ಟಿಗೆ ಬಿಗಿಯಲು ಸುತ್ತ ಎರಡು ಸುತ್ತು ಹಗ್ಗ, ನಡುವೆ ಒಂದು ಕೋಲು ತೂರಿಸಿ ತಿರುಚಿ. ಮೂಲೆಗಳಿಗೆ ರಟ್ಟು ಮಡಚಿ ಇಡಿ. ಬಿಗಿದ ಮೇಲೆ ಎರಡು ಕರ್ಣವನ್ನೂ ಅಳೆಯಿರಿ, ಸಮ ಇದ್ದರೆ ಪೆಟ್ಟಿಗೆ ಚೌಕಾಗಿದೆ.

ಎರಡು ಹಲಗೆ ಅಕ್ಕಪಕ್ಕ ಸೇರಿಸಿ ಅಗಲ ಮಾಡಲು ಬೆಣೆಯೇ ಸರಿ. ದಪ್ಪ ಪ್ಲೈ ಮೇಲೆ ಎರಡು ಪಟ್ಟಿಗಳನ್ನು, ಹಲಗೆಗಳ ಒಟ್ಟು ಅಗಲಕ್ಕಿಂತ ಸುಮಾರು 3 ಸೆಂ.ಮೀ. ಹೆಚ್ಚು ಅಂತರದಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿ. ಉಳಿದ ಜಾಗಕ್ಕೆ ಜೋಡಿ ಬೆಣೆ: 15 ಸೆಂ.ಮೀ. ಉದ್ದ, ದಪ್ಪ ತುದಿ 2.4, ತೆಳು ತುದಿ 0.5 ಸೆಂ.ಮೀ. ಎದುರುಬದುರು ಇಟ್ಟು ಎರಡೂ ಕಡೆಯಿಂದ ಕೊಡತಿಯಲ್ಲಿ ತಟ್ಟಿ. ಎಂಟಕ್ಕೆ ಒಂದರ ಈ ಇಳಿಜಾರಿನಲ್ಲಿ ಮರದ ಘರ್ಷಣೆಯೇ ಬೆಣೆಯನ್ನು ಹಿಡಿದಿಡುತ್ತದೆ, ತೀರ ಕಡಿದಾದರೆ ಹಿಂದಕ್ಕೆ ಜಾರುತ್ತದೆ. ಹಲಗೆ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ರುಬ್ಬುಗುಂಡಿನಂಥ ಭಾರ. ಭಾರ ಇಡದಿದ್ದರೆ ಬಿಗಿಯುವಾಗ ನಡುವೆ ಮೇಲಕ್ಕೆ ಉಬ್ಬುತ್ತದೆ.

ಬಾಯಿ ಹರಿತ ಮಾಡಲು

ಗಾಜಿನ ಅಂಗಡಿಯಲ್ಲಿ 8 ಅಥವಾ 10 ಮಿ.ಮೀ. ದಪ್ಪದ ಗಾಜಿನ ತುಂಡು ಕೇಳಿ, ಅಂಚು ತೇಯಿಸಿಕೊಂಡು ಬನ್ನಿ. ಬಣ್ಣದ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, 400, 1000, 2000 ನಂಬರಿನವು ಬೇಕು. ಗಾಜಿನ ಮೇಲೆ ನೀರು ಚಿಮುಕಿಸಿ ಕಾಗದ ಇಟ್ಟರೆ ಹಿಡಿದುಕೊಳ್ಳುತ್ತದೆ. ಉಳಿಯ ಚಪ್ಪಟೆ ಬೆನ್ನನ್ನು ಬಾಯಿಯಿಂದ 2 ಸೆಂ.ಮೀ.ವರೆಗೆ ಕನ್ನಡಿಯಾಗುವ ತನಕ ಮೊದಲು ಉಜ್ಜಿ. ಆಮೇಲೆ ಓರೆ. 30 ಡಿಗ್ರಿ ಅಳೆಯಲು ಕೋನಮಾಪಕ ಬೇಡ: ಓರೆಯ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ ಅದೇ 30. ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ. ತಳ್ಳಿದರೆ ಕಾಗದ ಹರಿಯುತ್ತದೆ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಬದಿಯಲ್ಲಿ ನಾಲ್ಕಾರು ಸಲ ಎಳೆದು, ಹೊಲಿಗೆ ಯಂತ್ರದ ಎಣ್ಣೆ ಸವರಿ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎಣ್ಣೆ ಹಚ್ಚದ ಉಳಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ನಯ ಮಾಡಲು

ಉಪ್ಪುಕಾಗದದ ಪೂರ್ತಿ ಹಾಳೆ 9 × 11 ಇಂಚು. ಅದನ್ನು ನಾಲ್ಕು ಮಾಡಿ. 11 × 6.5 × 2.5 ಸೆಂ.ಮೀ. ಮರದ ತುಂಡಿಗೆ ಆ ಕಾಲುಹಾಳೆ ಸರಿಯಾಗಿ ಸುತ್ತಿಕೊಳ್ಳುತ್ತದೆ. ತಳಕ್ಕೆ ಸವೆದ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿದರೆ ಕಾಗದ ಹೆಚ್ಚು ಬಾಳುತ್ತದೆ. ಹಲಸು, ಹೊನ್ನೆಯಂಥ ಎಳೆ ಹೆಣೆದುಕೊಂಡ ಮರದಲ್ಲಿ ಕೀಸುಳಿ ಸಿಗುರೆಬ್ಬಿಸುತ್ತದೆ. ಅದಕ್ಕೆ ಹಳೆ ಗರಗಸದ ತಗಡಿನಿಂದ 12 × 6 ಸೆಂ.ಮೀ. ತುಂಡು ಕತ್ತರಿಸಿ, ಅಂಚನ್ನು ಅರದಲ್ಲಿ ನೇರ ಮಾಡಿ, ಗಾಜಿನ ಮೇಲಿನ ವಾಟರ್ ಪೇಪರಿನಲ್ಲಿ ನುಣುಪು ಮಾಡಿ, ಸ್ಕ್ರೂಡ್ರೈವರಿನ ಉಕ್ಕಿನ ದಂಡದಿಂದ ಅಂಚನ್ನು ಒತ್ತಿ ಉಜ್ಜಿ ಸಣ್ಣ ಕೊಕ್ಕೆ ಎಬ್ಬಿಸಿ. ಎರಡು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತುಸು ಬಾಗಿಸಿ ತಳ್ಳಿದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರ ಏಳುತ್ತದೆ. ಪುಡಿ ಮಾತ್ರ ಬರುತ್ತಿದ್ದರೆ ಕೊಕ್ಕೆ ಸವೆದಿದೆ ಎಂದರ್ಥ.

ಮನೆಯಲ್ಲಿ ಮಾಡಬಾರದ್ದು

ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ, ಪ್ಲೈ ಕೆಳಗೆ ತಲೆಕೆಳಗಾಗಿ ಸಿಕ್ಕಿಸಿ 'ಟೇಬಲ್ ಸಾ' ಮಾಡುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಕಲ್ಲಿಗಾಗಿ ಮಾಡಿದ ಆ ಯಂತ್ರ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಕೊಯ್ದ ಸೀಳು ಬ್ಲೇಡನ್ನು ಕಚ್ಚಿಕೊಳ್ಳದಂತೆ ತಡೆಯುವ ಉಕ್ಕಿನ ಪಟ್ಟಿ ಅದರಲ್ಲಿಲ್ಲ, ತಲೆಕೆಳಗು ಮಾಡಿದಾಗ ಬ್ಲೇಡಿನ ಮುಚ್ಚಳವೂ ಉಪಯೋಗಕ್ಕೆ ಬರುವುದಿಲ್ಲ. ಮರ ಕಚ್ಚಿದರೆ ಅದು ನೇರ ಹೊಟ್ಟೆಗೆ ಬಂದು ಬಡಿಯುತ್ತದೆ, ಕೈ ಬ್ಲೇಡಿನ ಕಡೆಗೆ ಜಾರುತ್ತದೆ. ಆಂಗಲ್ ಗ್ರೈಂಡರ್‌ಗೆ ಹಲ್ಲಿನ ಬ್ಲೇಡು ಹಾಕುವುದು ಇದಕ್ಕಿಂತ ಕೆಟ್ಟದ್ದು. ಉದ್ದಕ್ಕೆ ಸೀಳಬೇಕಾದ ಹಲಗೆ ಇದ್ದರೆ ಹತ್ತಿರದ ಸಾಮಿಲ್‌ಗೆ ಒಯ್ಯಿರಿ. ಬೇಕಾದ ದಪ್ಪಕ್ಕಿಂತ 3 ಮಿ.ಮೀ. ಹೆಚ್ಚಿಗೆ ಹೇಳಿ ಸೀಳಿಸಿಕೊಂಡು ಬನ್ನಿ. ಉಳಿದದ್ದನ್ನು ಕೂತು ಕೀಸಿದರಾಯಿತು.